ಪ್ಲಾಸ್ಟಿಕ್ ಹಾಳೆಯಿಂದ ‘ಟಾಟಾನಗರ್’ ಕವಚವಾಹನ: ಯಾವ ಹಾಳೆ, ಎಷ್ಟು ದಪ್ಪ?

ಸಂತೆಪೇಟೆ ಹವ್ಯಾಸಿ (ಹಾಸನ):

ಮಾನ್ಯರೇ,

ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್ ಎಂಬ ಕವಚವಾಹನದ ಮಾದರಿಯನ್ನು 1:35 ಪ್ರಮಾಣದಲ್ಲಿ, ಯಾವುದೇ ಕಿಟ್ಟಿನ ನೆರವಿಲ್ಲದೆ ಪ್ಲಾಸ್ಟಿಕ್ ಹಾಳೆಯಿಂದಲೇ ಕಟ್ಟಬೇಕೆಂದಿದ್ದೇನೆ. ಕೆನಡಾದಿಂದ ಬಂದ ಫೋರ್ಡ್ ಚಾಸಿಗಳ ಮೇಲೆ ಟಾಟಾ ಕಾರ್ಖಾನೆಯ ಉಕ್ಕಿನ ಕವಚವನ್ನು ಕೂರಿಸಿ 1940ರಿಂದ 1944ರವರೆಗೆ 4,600ಕ್ಕೂ ಹೆಚ್ಚು ವಾಹನಗಳನ್ನು ಕಟ್ಟಿದ್ದರಿಂದ ಅದಕ್ಕೆ ‘ಟಾಟಾನಗರ್’ ಎಂಬ ಅಡ್ಡಹೆಸರೂ ಇತ್ತು. ನಾನು ಆರಿಸಿಕೊಂಡಿರುವುದು ಮೇಲ್ಭಾಗ ತೆರೆದಿರುವ ಬಗೆ. ಬ್ರೆನ್ ಗನ್ನು (ಹಗುರ ಮೆಷಿನ್‌ಗನ್) ಮತ್ತು ಬಾಯ್ಸ್ ಟ್ಯಾಂಕ್ ನಿರೋಧಕ ಬಂದೂಕು ಅದರ ಆಯುಧಗಳು.

ಉದ್ದ 4.72 ಮೀಟರ್, ಅಗಲ 2.29 ಮೀಟರ್, ಎತ್ತರ 1.98 ಮೀಟರ್ ಎಂಬ ಒಟ್ಟಳತೆಗಳು ನನ್ನ ಬಳಿ ಇವೆ. ನಕ್ಷೆ ಮಾತ್ರ ಇಲ್ಲ, ಇರುವುದು ಕೆಲವು ಹಳೆಯ ಛಾಯಾಚಿತ್ರಗಳಷ್ಟೆ. ಬಿ.ಎಂ. ರಸ್ತೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ 3 ಮಿ.ಮೀ. ಸನ್‌ಬೋರ್ಡನ್ನೂ (ಫಲಕಗಳಿಗೆ ಬಳಸುವ ನೊರೆ ಪ್ಲಾಸ್ಟಿಕ್ ಹಲಗೆ), ಹೆಸರು ಹೇಳಲು ಅಂಗಡಿಯವರಿಗೇ ಬಾರದ 1 ಮಿ.ಮೀ. ಬಿಳಿ ಹಾಳೆಯನ್ನೂ ಕೊಟ್ಟಿದ್ದಾರೆ. ಮಾದರಿ ಕಟ್ಟುವವರು ಬಳಸುವ ವಿದೇಶದ ಸ್ಟೈರೀನ್ (ಪಾಲಿಸ್ಟೈರೀನ್) ಹಾಳೆಯ ಬೆಲೆ ನೋಡಿದರೆ ಇಡೀ ವಾಹನವನ್ನು ಅದರಲ್ಲೇ ಕಟ್ಟುವ ಧೈರ್ಯ ಬರುವುದಿಲ್ಲ. ಈ ಎರಡರಲ್ಲಿ ಯಾವುದು ನಡೆಯುತ್ತದೆ, ಅಂಟು ಯಾವುದು, ಛಾಯಾಚಿತ್ರದಿಂದ ಅಳತೆ ತೆಗೆಯುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಟೂಲ್‌ರೂಂ (ಚಿಕ್ಕಮಗಳೂರು):

ನಮಸ್ಕಾರ. ಹಾಳೆಯನ್ನು ಕತ್ತರಿಸುವ ಮೊದಲು ಅದು ಯಾವ ಜಾತಿಯ ಪ್ಲಾಸ್ಟಿಕ್ಕು ಎಂಬುದು ಖಚಿತವಾಗಬೇಕು, ಏಕೆಂದರೆ ಅಂಟಿನ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಸುಟ್ಟು ನೋಡುವ ಪದ್ಧತಿಯೊಂದಿದೆ, ಆದರೆ ಪಿ.ವಿ.ಸಿ.ಯ ಹೊಗೆ ಒಳ್ಳೆಯದಲ್ಲವಾದ್ದರಿಂದ ನೀರಿನ ಪರೀಕ್ಷೆಯೇ ಮೇಲು. ಹಾಳೆಯ ಸಣ್ಣ ಚೂರೊಂದನ್ನು ಮೊದಲು ಸಿಹಿನೀರಿನಲ್ಲಿ ಅದ್ದಿ, ಅಂಟಿಕೊಂಡ ಗಾಳಿಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆದು ಬಿಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಯಾವ ಮಾಡೆಲ್ ಅಂಟೂ ಅದನ್ನು ಹಿಡಿಯುವುದಿಲ್ಲ, ಹಿಂದಿರುಗಿಸಿಬಿಡಿ. ಮುಳುಗಿದರೆ, ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ ನೀರಿಗೆ ಹಾಕಿ. ಪಾಲಿಸ್ಟೈರೀನ್ ಅಲ್ಲಿ ತೇಲುತ್ತದೆ, ಗಟ್ಟಿ ಪಿ.ವಿ.ಸಿ. ಅಲ್ಲಿಯೂ ತಳ ಸೇರುತ್ತದೆ. ಎ.ಬಿ.ಎಸ್. ಎಂಬ ಇನ್ನೊಂದು ಪ್ಲಾಸ್ಟಿಕ್ ಸಹ ಉಪ್ಪುನೀರಿನಲ್ಲಿ ತೇಲುತ್ತದೆಯಾದರೂ ನಮ್ಮ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಸನ್‌ಬೋರ್ಡಿಗೆ ಮಾತ್ರ ಈ ಪರೀಕ್ಷೆ ಬೇಡ. ಅದು ನೊರೆ ತುಂಬಿದ ಪಿ.ವಿ.ಸಿ. ಆದ್ದರಿಂದ ಯಾವ ನೀರಿನಲ್ಲಾದರೂ ತೇಲುತ್ತದೆ.

ಹಾಳೆ ಪಾಲಿಸ್ಟೈರೀನ್ ಆಗಿದ್ದರೆ, ಅಕ್ರಿಲಿಕ್ ಅಕ್ಷರಗಳನ್ನು ಮಾಡುವವರು ಬಳಸುವ ನೀರಿನಂತಹ ಅಂಟೇ ಸಾಕು. ಅದರಲ್ಲಿರುವುದು ಸಾಮಾನ್ಯವಾಗಿ ಕ್ಲೋರೋಫಾರ್ಮ್ ಅಥವಾ ಡೈಕ್ಲೋರೋಮೀಥೇನ್. ಎರಡು ಅಂಚುಗಳನ್ನು ಒಣಗಿದ್ದಂತೆಯೇ ಜೋಡಿಸಿ ಹಿಡಿದು, ತೆಳು ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ದ್ರವವು ತಾನೇ ಒಳಕ್ಕೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಇದರ ಆವಿ ವಿಷಕಾರಿ. ಕಿಟಕಿ ತೆರೆದಿಟ್ಟು, ಮಕ್ಕಳಿಲ್ಲದ ಕಡೆ ಕೆಲಸ ಮಾಡಬೇಕು. ಇನ್ನೊಂದು ಮಾತು: ಮುಚ್ಚಿದ ಪೆಟ್ಟಿಗೆಯೊಳಗೆ ಈ ದ್ರಾವಕದ ಆವಿ ಸಿಕ್ಕಿಹಾಕಿಕೊಂಡರೆ ವಾರಗಳ ನಂತರ ಹಾಳೆ ಒಳಕ್ಕೆ ಬಾಗುತ್ತದೆ. ಆದ್ದರಿಂದ ಚಾಸಿಯ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ರಂಧ್ರವೊಂದನ್ನು ಕೊರೆದಿಡಿ.

ಈಗ ಅಳತೆ. ನೀವು ಕೊಟ್ಟ ಲೆಕ್ಕ 1:35ರಲ್ಲಿ ಸುಮಾರು 135, 65.5 ಮತ್ತು 56.5 ಮಿ.ಮೀ. ಆಗುತ್ತದೆ. ಛಾಯಾಚಿತ್ರಗಳ ಪೈಕಿ ದೂರದಿಂದ, ಪಕ್ಕಕ್ಕೆ ನೇರವಾಗಿ ನಿಂತು ತೆಗೆದದ್ದನ್ನು ಮಾತ್ರ ನಂಬಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿನ ಚಕ್ರ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಕಾಣುತ್ತದೆ. ಮುದ್ರಿಸಿದ ಚಿತ್ರದಲ್ಲಿ ವಾಹನ 180 ಮಿ.ಮೀ. ಉದ್ದವಿದ್ದರೆ, ಅದರ ಮೇಲಿನ ಪ್ರತಿ ಅಳತೆಯನ್ನೂ 0.75ರಿಂದ ಗುಣಿಸಿದಾಗ ಮಾದರಿಯ ಅಳತೆ ಸಿಗುತ್ತದೆ. ಆದರೆ ಈ ವಾಹನದ ಮೈಯೆಲ್ಲ ಓರೆ ತಗಡುಗಳಾದ್ದರಿಂದ, ಚಿತ್ರದಲ್ಲಿ ಕಾಣುವ ಎತ್ತರ ತಗಡಿನ ನಿಜವಾದ ಅಗಲವಲ್ಲ. ಪಕ್ಕದ ತಗಡು ನೆಟ್ಟಗೆ 20 ಮಿ.ಮೀ. ಏರುತ್ತಾ 8 ಮಿ.ಮೀ. ಒಳಕ್ಕೆ ವಾಲಿದ್ದರೆ ಕತ್ತರಿಸಬೇಕಾದದ್ದು 21.5 ಮಿ.ಮೀ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವೇ ಇದು. ಒಂದೂವರೆ ಮಿಲಿಮೀಟರ್ ಸಣ್ಣದೆನಿಸಬಹುದು, ಆದರೆ ನಾಲ್ಕು ಮೂಲೆಗಳಲ್ಲಿ ಅದು ಸೇರಿದಾಗ ಯಾವ ಪುಟ್ಟಿಯೂ ತುಂಬಲಾರದ ಬಿರುಕು ಕಾಣಿಸುತ್ತದೆ. ಆದ್ದರಿಂದ ಮೊದಲು ಆಮಂತ್ರಣ ಪತ್ರಿಕೆಯಂತಹ ದಪ್ಪ ಕಾಗದದಲ್ಲಿ ಇಡೀ ಮೈಯನ್ನು ಕಟ್ಟಿ, ಟೇಪು ಹಚ್ಚಿ, ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಕಣ್ಣಿಗೆ ಒಪ್ಪಿದ ಬಳಿಕ ಅದನ್ನೇ ಬಿಚ್ಚಿ ಅಚ್ಚಾಗಿ ಬಳಸಿ.

ಕತ್ತರಿಸುವಾಗ ಹಾಳೆಯನ್ನು ಪೂರ್ತಿ ಕೊಯ್ಯಬೇಡಿ. ಸ್ಟೀಲ್ ಸ್ಕೇಲಿಗೆ ಒತ್ತಿ ಕಟರಿನಿಂದ ಹಗುರವಾಗಿ ಒಂದೆರಡು ಗೀರು ಎಳೆದು, ಮೇಜಿನ ಅಂಚಿಗಿಟ್ಟು ಬಗ್ಗಿಸಿದರೆ ಪಾಲಿಸ್ಟೈರೀನ್ ಗೀರಿನ ಗುಂಟ ಟಕ್ಕನೆ ಮುರಿಯುತ್ತದೆ. ಗೀರಿನ ಎರಡೂ ಬದಿ ಎದ್ದ ಸಣ್ಣ ಏಣನ್ನು ಕಟರಿನ ಅಲಗನ್ನು ನೆಟ್ಟಗೆ ಹಿಡಿದು ಹೆರೆದು ತೆಗೆಯಬೇಕು. ಎರಡು ತಗಡುಗಳು 120 ಡಿಗ್ರಿಯಲ್ಲಿ ಕೂಡುವ ಕಡೆ ಪ್ರತಿ ಅಂಚನ್ನೂ ಒಳಬದಿಯಿಂದ 30 ಡಿಗ್ರಿ ಓರೆಯಾಗಿ ಉಜ್ಜಿಕೊಂಡರೆ ಹೊರಗಿನ ಗೆರೆ ಚೂಪಾಗಿ ಬರುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದದ್ದು ಅಂಚಿನ ದಪ್ಪದ ವಿಷಯ. ಈ ವಾಹನದ ಅತಿ ದಪ್ಪ ಕವಚವೇ 14 ಮಿ.ಮೀ. ಎಂದರೆ ನಿಮ್ಮ ಪ್ರಮಾಣದಲ್ಲಿ 0.4 ಮಿ.ಮೀ. 1 ಮಿ.ಮೀ. ಹಾಳೆಯನ್ನು ಹಾಗೆಯೇ ನಿಲ್ಲಿಸಿದರೆ ಅದು 35 ಮಿ.ಮೀ. ಉಕ್ಕಿನಂತೆ ಕಂಡು, ಹಗುರ ವಾಹನದ ಬದಲು ಟ್ಯಾಂಕಿನ ಭಾವ ಬರುತ್ತದೆ. ಮುಚ್ಚಿದ ವಾಹನದಲ್ಲಿ ಇದು ತಿಳಿಯುವುದಿಲ್ಲ, ಮೇಲ್ಭಾಗ ತೆರೆದ ವಾಹನದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಬಾಯಿಯ ಸುತ್ತಲಿನ ಅಂಚನ್ನು ಮಾತ್ರ ಒಳಗಡೆಯಿಂದ ಮೂರು ನಾಲ್ಕು ಮಿಲಿಮೀಟರ್ ಆಳದವರೆಗೆ ಓರೆಯಾಗಿ ಉಜ್ಜಿ, ತುದಿಯಲ್ಲಿ 0.4ಕ್ಕೆ ಇಳಿಸಿ. ಚಾಲಕ ಇಣುಕುವ ಸೀಳುಕಿಂಡಿಗಳಿಗೂ ಇದೇ ನಿಯಮ.

ಮಳೆನಾಡ ಮಾದರಿ (ಸಕಲೇಶಪುರ):

ಟೂಲ್‌ರೂಂ ಸರ್ ಸವಿವರವಾಗಿ ಬರೆದಿದ್ದಾರೆ. ಸನ್‌ಬೋರ್ಡಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಹೊರಗೆ ಕಾಣುವ ಕಡೆ ಅದು ಬೇಡವೆನ್ನುವುದು ಸರಿ, ಕತ್ತರಿಸಿದ ಅಂಚಿನಲ್ಲಿ ನೊರೆಯ ತೂತುಗಳು ಬಣ್ಣದಡಿಯೂ ಎದ್ದು ತೋರುತ್ತವೆ. ಆದರೆ ತಳದ ಚೌಕಟ್ಟಿಗೆ, ಚಕ್ರದ ಅಚ್ಚುಗಳನ್ನು ಹಿಡಿಯುವ ಅಡ್ಡ ಗೋಡೆಗಳಿಗೆ ಅದು ಹಗುರ ಮತ್ತು ಅಗ್ಗ. ಅದನ್ನು ಹಾಳೆಗೆ ಅಂಟಿಸಲು ದ್ರಾವಕದ ಬದಲು ಎರಡು ಟ್ಯೂಬಿನ ಎಪಾಕ್ಸಿ ಬಳಸಿ.

ಬಣ್ಣದ ವಿಷಯ ನೀವು ಎತ್ತಿಲ್ಲ, ಆದರೂ ನಮ್ಮ ಭಾಗದವರು ತಿಳಿದಿರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ತುಂಬಿದ ಗಾಳಿಯಲ್ಲಿ ಲ್ಯಾಕರ್ ಬಣ್ಣವನ್ನು ಸಿಂಪಡಿಸಿದರೆ ಥಿನ್ನರ್ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಬೂದುಬಿಳುಪಾಗುತ್ತದೆ. ಮಳೆಗಾಲದಲ್ಲಿ ಮೈ ಕಟ್ಟಿ, ದಸರಾ ಕಳೆದ ಮೇಲೆ ಬಣ್ಣ ಹಚ್ಚುವುದು ಉತ್ತಮ. ಕಾರಿಗೆ ಬಣ್ಣ ಹೊಡೆಯುವವರ ಬಳಿಯ ಸರ್ಫೇಸರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಲೇಪ) ಬಳಸುವುದಾದರೆ ಮಂಜಿನಂತೆ ತೆಳುವಾಗಿ, ನಡುನಡುವೆ ಒಣಗಲು ಬಿಟ್ಟು ಹೊಡೆಯಿರಿ. ಒಮ್ಮೆಲೇ ಒದ್ದೆಯಾಗುವಂತೆ ಹೊಡೆದರೆ ಅದರ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಳೆಯನ್ನೇ ತಿನ್ನುತ್ತದೆ.

ನಿವೃತ್ತ ಟೂಲ್‌ರೂಂ (ಚಿಕ್ಕಮಗಳೂರು):

ಒಳಚೌಕಟ್ಟಿಗೂ ನಾನು ಸನ್‌ಬೋರ್ಡ್ ಒಪ್ಪುವುದಿಲ್ಲ. ಉಗುರಿನಿಂದ ಒತ್ತಿದರೆ ತಗ್ಗಾಗುವ ವಸ್ತು ಅದು, ಮೂಲೆಮಟ್ಟ ಹಿಡಿದು ಉಜ್ಜುವಾಗ ಅಂಚು ದುಂಡಾಗುತ್ತದೆ. 1 ಮಿ.ಮೀ. ಹಾಳೆಯನ್ನೇ ಎರಡು ಪದರ ಮಾಡಿಕೊಂಡರೆ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಾಗದು. ಬಣ್ಣದ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ.

ಸಂತೆಪೇಟೆ ಹವ್ಯಾಸಿ (ಹಾಸನ):

ಇಬ್ಬರಿಗೂ ವಂದನೆಗಳು. ಬಿಳಿ ಹಾಳೆ ಸಿಹಿನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿತು, ಅಕ್ರಿಲಿಕ್ ಅಂಟಿಗೂ ಚೆನ್ನಾಗಿ ಬೆಸೆದುಕೊಂಡಿತು. ಕಾಗದದ ಮೈ ಸಿದ್ಧವಾಗುತ್ತಿದೆ. ಇನ್ನುಳಿದದ್ದು ಚಕ್ರ ಮತ್ತು ರಿವೆಟ್ಟು. ಮಿತ್ರರೊಬ್ಬರು, ಹೇಗೂ ಇಷ್ಟು ಶ್ರಮ ಪಡುತ್ತೀರಿ, ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿರುವ ರೋಲ್ಸ್‌ರಾಯ್ಸ್ ಆರ್ಮರ್ಡ್ ಕಾರನ್ನೇ ಮಾಡಬಾರದೇ, ಅದನ್ನಾದರೆ ಕಣ್ಣಾರೆ ನೋಡಿ ಅಳೆಯಬಹುದು ಎನ್ನುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಗಿರಿಶ್ರೇಣಿ (ಚಿಕ್ಕಮಗಳೂರು):

ರೋಲ್ಸ್‌ರಾಯ್ಸ್ ಆಕರ್ಷಕ ವಾಹನವೇ ಸರಿ. ಸಿಲ್ವರ್ ಘೋಸ್ಟ್ ಚಾಸಿಯ ಮೇಲೆ ಕವಚ ತೊಡಿಸಿದ ಆ ಕಾರುಗಳು 1914ರ ಕೊನೆಯಲ್ಲಿ ಬಳಕೆಗೆ ಬಂದವು, ಭಾರತಕ್ಕಾಗಿ 1921ರಲ್ಲಿ ಗುಮ್ಮಟದಂತಹ ಗೋಪುರವಿರುವ ಬಗೆಯೂ ತಯಾರಾಯಿತು. ಆದರೆ ಮೊದಲ ಸ್ವಂತ ಮಾದರಿಗೆ ಅದು ಬೇಡವೆಂದೇ ನನ್ನ ಸಲಹೆ. ಆರಂಭದ ಕಾರುಗಳಿಗೆ ತಂತಿಯ ಕಡ್ಡಿಗಳಿರುವ ಚಕ್ರ, ಭಾರತದ ಬಗೆಗೆ ಗುಮ್ಮಟ, ಮೈತುಂಬ ರಿವೆಟ್ಟಿನ ಸಾಲು. ಈ ಮೂರೂ ಚಪ್ಪಟೆ ಹಾಳೆಗೆ ಒಗ್ಗದವು. ಗುಮ್ಮಟಕ್ಕೆ ಮರದ ಅಚ್ಚನ್ನು ಕಡೆಸಿ, ಕಾಯಿಸಿದ ಹಾಳೆಯನ್ನು ಅದರ ಮೇಲೆ ಎಳೆಯಬೇಕಾಗುತ್ತದೆ. ಟಾಟಾನಗರ್ ಆದರೋ ಪೂರ್ತಿ ಚಪ್ಪಟೆ ತಗಡಿನ ವಾಹನ, ಹಾಳೆಯಲ್ಲಿ ಕಟ್ಟಲೆಂದೇ ಹುಟ್ಟಿದ ಹಾಗಿದೆ. ಅದನ್ನೇ ಮುಂದುವರಿಸಿ.

ರಿವೆಟ್ಟು, ಬೋಲ್ಟಿನ ತಲೆಗಳನ್ನು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಕಡೆ ಮಾತ್ರ ಇಡಿ. 0.25 ಮಿ.ಮೀ. ಹಾಳೆಯ ಪಟ್ಟಿಯ ಹಿಂಬದಿಗೆ ಗ್ರಾಫ್ ಕಾಗದವನ್ನು ಅಂಟಿಸಿ, ಕೆಳಗೆ ಹಳೆಯ ನೋಟುಪುಸ್ತಕವಿಟ್ಟು, ತುದಿ ಮೊಂಡಾಗಿಸಿದ ಸೂಜಿಯಿಂದ ಗೆರೆ ಕೂಡುವೆಡೆಗಳಲ್ಲಿ ಒತ್ತಿದರೆ ಮುಂಬದಿಯಲ್ಲಿ ಸಮಾನ ಅಂತರದ ಉಬ್ಬುಗಳು ಏಳುತ್ತವೆ. ಪಟ್ಟಿಯನ್ನು ಮೈಗೆ ಅಂಟಿಸುವ ಮೊದಲೇ ಇದು ಮುಗಿದಿರಬೇಕು. ಅಂಟಿಸುವಾಗ ದ್ರಾವಕವನ್ನು ಅಂಚಿಗೆ ಮಾತ್ರ ಮುಟ್ಟಿಸಿ, ಹೆಚ್ಚಾದರೆ ಉಬ್ಬುಗಳು ಕರಗಿ ಮಾಯವಾಗುತ್ತವೆ.

ಚಕ್ರ ಒಂದನ್ನು ಮಾತ್ರ ಮಾಡಿ, ಉಳಿದವನ್ನು ಅಚ್ಚಿನಲ್ಲಿ ಎರಕ ಹೊಯ್ಯಿರಿ. ಕೈವಾರದ ಎರಡೂ ಕಾಲುಗಳಿಗೆ ಮುಳ್ಳು ಹಾಕಿ 1 ಮಿ.ಮೀ. ಹಾಳೆಯಿಂದ ಬಿಲ್ಲೆಗಳನ್ನು ಕೊರೆದು, ಒಂದರ ಮೇಲೊಂದು ಅಂಟಿಸಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ನಡುವೆ ಸ್ಕ್ರೂ ತೂರಿಸಿ ನಟ್ಟಿನಿಂದ ಬಿಗಿದು, ಡ್ರಿಲ್ ಮಷೀನಿನ ಬಾಯಿಗೆ ಸಿಕ್ಕಿಸಿ, ಕಡಿಮೆ ವೇಗದಲ್ಲಿ ತಿರುಗಿಸುತ್ತಾ ಮೊದಲು ಅರದಿಂದ, ಆಮೇಲೆ ಒದ್ದೆ ಮಾಡಿದ 400 ಮತ್ತು 600 ನಂಬರಿನ ವಾಟರ್ ಪೇಪರಿನಿಂದ ಟೈರಿನ ದುಂಡನ್ನು ತೆಗೆಯಿರಿ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಬಿಸಿಯೇರಿ ಎಳೆ ಎಳೆಯಾಗುತ್ತದೆ. ಟೈರಿನ ಮೇಲಿನ ಹಲ್ಲುಗಳಿಗೆ 0.5 ಮಿ.ಮೀ. ಹಾಳೆಯ ಸಣ್ಣ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಬೇಕು. ಬೇಸರದ ಕೆಲಸ, ಆದರೆ ಒಂದೇ ಚಕ್ರಕ್ಕೆ ತಾನೇ.

ಅಚ್ಚಿಗೆ ದಂತವೈದ್ಯರು ಹಲ್ಲಿನ ಪಡಿಯಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ಬಹಳ ಚೆನ್ನಾಗಿ ಒದಗುತ್ತದೆ. ಹಾಸನದಲ್ಲಿ ದಂತವೈದ್ಯಕೀಯ ಕಾಲೇಜೇ ಇರುವುದರಿಂದ ಅದರ ಸಾಮಗ್ರಿ ಮಾರುವವರನ್ನು ವಿಚಾರಿಸಿ ನೋಡಿ. ಎರಡು ಡಬ್ಬಿಗಳ ಪುಟ್ಟಿಯನ್ನು ಸಮವಾಗಿ ನಾದಿ ಚಕ್ರದ ಮೇಲೆ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಲ್ಯಾಟೆಕ್ಸ್ ಕೈಗವಸು ತೊಡಬೇಡಿ, ಅದರಲ್ಲಿರುವ ಗಂಧಕ ಈ ಪುಟ್ಟಿಯನ್ನು ಗಟ್ಟಿಯಾಗದಂತೆ ತಡೆಯುತ್ತದೆ. ಅಚ್ಚಿನೊಳಗೆ ಎಂ-ಸೀಲನ್ನು ಚೆನ್ನಾಗಿ ನಾದಿ ತುಂಬಿ, ಮೇಲೆ ಒದ್ದೆ ಬೆರಳಿನಿಂದ ಸವರಿ, ಮರುದಿನ ಬಿಡಿಸಿಕೊಳ್ಳಿ. ನಾಲ್ಕು ಚಕ್ರಗಳ ಜತೆಗೆ ಬದಲಿ ಚಕ್ರವೊಂದನ್ನೂ ಎರೆದಿಟ್ಟುಕೊಂಡರೆ ಒಳ್ಳೆಯದು.