ಗೆರೆ ಗಿರ್ಲು ಹಗಲು ಹೊರಗೇ ಬರಲ್ಲ, ತಿನ್ನಿಸೋದು ಹೇಗೆ?

ತುಂಗಾತೀರ:
ನಾಲ್ಕಡಿ ತೊಟ್ಟಿ, ಬೆರಳುದ್ದದ ಐದು ಗಿರ್ಲು (ಮೀಸೆಯಿರುವ ಸಣ್ಣ ಮೀನು). ಮೈಯುದ್ದಕ್ಕೂ ಗೆರೆ, ಕಿವಿರಿನ ಹಿಂದೆ ಮಬ್ಬು ಕಪ್ಪು ಮಚ್ಚೆ. ಬೆಳಿಗ್ಗೆ ಹಾಕಿದ ಆಹಾರ ಹಾಗೇ ಉಳಿದು ನೀರು ಕೆಡುತ್ತಿದೆ. ಜೊತೆಗಿರುವ ಗಪ್ಪಿ ಎಂಬ ಪುಟ್ಟ ಮೀನುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಒಂದು ಗಿರ್ಲಿನ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದಿದೆ. ಬಲೆಯಲ್ಲಿ ಹಿಡಿದು ಬೇರೆ ತೊಟ್ಟಿಗೆ ಬಿಟ್ಟು ಔಷಧಿ ಹಾಕಲೇ?

ಕೆರೆಯೇರಿ:
ಗೆರೆ, ಮಚ್ಚೆ ಎರಡೂ ಇದ್ದರೆ ಮಿಸ್ಟಸ್ ವಿಟ್ಟಾಟಸ್ ಎಂಬ ಜಾತಿ ಇರಬೇಕು. ಬೆನ್ನಿನ ಹಿಂಭಾಗದ ಮೆತ್ತನೆಯ ಈಜುರೆಕ್ಕೆ ನೋಡಿ. ಇದರಲ್ಲಿ ಅದು ಗಿಡ್ಡ, ಮುಂದಿನ ರೆಕ್ಕೆಗೂ ಅದಕ್ಕೂ ನಡುವೆ ಜಾಗ ಇರುತ್ತದೆ. ಮಿಸ್ಟಸ್ ಕವಾಸಿಯಸ್‌ನಲ್ಲಿ ಅದು ಉದ್ದ, ಮುಂದಿನ ರೆಕ್ಕೆಯ ಬುಡದಿಂದಲೇ ಶುರು. ಆ ಜಾತಿ ಅಡಿ ದಾಟಿ ಬೆಳೆಯುತ್ತದೆ, ನಿಮ್ಮ ತೊಟ್ಟಿ ಸಾಲದು.

ಇದು ರಾತ್ರಿ ಮೇಯುವ ಮೀನು. ನಾಲ್ಕು ಜೊತೆ ಮೀಸೆಯಲ್ಲೇ ರುಚಿ ಹಿಡಿಯುತ್ತದೆ, ಕತ್ತಲಲ್ಲಿ ಕಣ್ಣಿನ ಹಂಗಿಲ್ಲ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಮುಳುಗುವ ಗುಳಿಗೆ ಅಥವಾ ಹೆಚ್ಚಿದ ಎರೆಹುಳು ಹಾಕಿ. ಬೆಳಿಗ್ಗೆ ಉಳಿದದ್ದನ್ನು ಪೈಪಿನಿಂದ ಎಳೆದು, ಮರುರಾತ್ರಿ ಅಷ್ಟು ಕಡಿಮೆ ಮಾಡಿ. ಅಡಗಲು ಎರಡಿಂಚಿನ ಪಿವಿಸಿ ಪೈಪಿನ ಗೇಣುದ್ದದ ಆರು ತುಂಡು ಬೇಕು, ಮೀನಿಗಿಂತ ಒಂದು ಹೆಚ್ಚು. ಇಲ್ಲದಿದ್ದರೆ ಜಾಗಕ್ಕೆ ಕಚ್ಚಾಡುತ್ತವೆ. ತಳಕ್ಕೆ ನುಣುಪು ಮರಳು ಹಾಕಿ. ಚೂಪು ಜಲ್ಲಿಗೆ ಮೀಸೆ ಸವೆಯುತ್ತದೆ.

ಗಪ್ಪಿಗಳನ್ನು ಇವತ್ತೇ ತೆಗೆಯಿರಿ. ರಾತ್ರಿ ಅಲುಗಾಡದೆ ನಿಂತ ಗಪ್ಪಿ ಗಿರ್ಲಿನ ಬಾಯಿಗೆ ಸಲೀಸಾಗಿ ಹಿಡಿಯುತ್ತದೆ.

ಮೀನ್‌ಡಾಕ್ಟ್ರು:
ಬೇರೆ ತೊಟ್ಟಿಗೆ ಬಿಡಬೇಡಿ. ಬಿಳಿಚುಕ್ಕೆಯ ಪರಾವಲಂಬಿ ಈಗಾಗಲೇ ನೀರಿನಲ್ಲೂ ಮರಳಿನಲ್ಲೂ ಇದೆ, ಇಡೀ ತೊಟ್ಟಿಗೇ ಚಿಕಿತ್ಸೆ ಆಗಬೇಕು. ನೀವು ತೆಗೆಯುವ ಗಪ್ಪಿಗಳಿಗೂ ತಗುಲಿರಬಹುದು, ಅವನ್ನು ಬೇರೆ ಮೀನಿನ ಜೊತೆ ಸೇರಿಸಬೇಡಿ. ಗಿರ್ಲಿಗೆ ಹುರುಪೆ ಇಲ್ಲ, ಔಷಧಿ ನೇರ ಚರ್ಮಕ್ಕೆ ತಾಗುತ್ತದೆ. ಮಲಕೈಟ್ ಗ್ರೀನ್ ಇರುವ ಔಷಧಿಯಾದರೆ ಸೀಸೆಯ ಮೇಲೆ ಬರೆದದ್ದರ ಅರ್ಧ ಸಾಕು, ತಾಮ್ರದ ಔಷಧಿ ಬೇಡವೇ ಬೇಡ. ನೀರಿನ ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 29–30ಕ್ಕೆ ಏರಿಸಿ, ಗಾಳಿಯ ಪಂಪ್ ಜೋರಾಗಿಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದವರಿಗೇ ರೋಗ ಮರುಕಳಿಸುವುದು. ಚರ್ಮದೊಳಗಿರುವಾಗ ಅದು ಸಾಯುವುದಿಲ್ಲ, ಉದುರಿ ಮರಿಹಾಕಿ ಈಜಾಡುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ.

ಮುಂದೆಂದಾದರೂ ಹಿಡಿಯಬೇಕಾದರೆ ಬಲೆ ಬೇಡ. ಹೆದರಿದರೆ ಬೆನ್ನಿನ ಮುಳ್ಳು, ಎರಡೂ ಎದೆಮುಳ್ಳು ನೆಟ್ಟಗೆ ನಿಂತು ಬೀಗ ಬೀಳುತ್ತವೆ. ಎದೆಮುಳ್ಳಿನ ಒಳಅಂಚು ಗರಗಸ, ಬಲೆ ಎಳೆದರೆ ಬುಡವೇ ಹರಿಯುತ್ತದೆ. ಸಿಕ್ಕಿಕೊಂಡರೆ ಬಲೆಯನ್ನು ಕತ್ತರಿಸಿ. ಅದು ಕೂತ ಪೈಪಿನ ಎರಡೂ ಬಾಯಿ ಮುಚ್ಚಿ, ಪೈಪ್ ಸಮೇತ ಎತ್ತುವುದು ಎಲ್ಲಕ್ಕಿಂತ ಸುಲಭ. ಕೈಗೆ ಚುಚ್ಚಿದರೆ 45 ಡಿಗ್ರಿ ಮೀರದ ಬಿಸಿನೀರಿನಲ್ಲಿ ಅರ್ಧ ಗಂಟೆ ಅದ್ದಿ, ಬಿಸಿ ನೋಡುವುದು ಮಾತ್ರ ಇನ್ನೊಂದು ಕೈಯಲ್ಲಿ. ಮುಳ್ಳು ಒಳಗೆ ಮುರಿದಿದ್ದರೆ ಆಸ್ಪತ್ರೆಗೆ ಹೋಗಿ.

ಹತ್ತುಮೀನು:
ಇನ್ನೂ ಗಿರ್ಲು ತರುವ ಯೋಚನೆ ಇದ್ದರೆ ಮುಂಗಾರಿನ ಮೊದಲ ಮಳೆಗಳಲ್ಲಿ ಹಿಡಿಯಬೇಡಿ. ಆಗ ಹೊಳೆ, ಕೆರೆಯಿಂದ ಗದ್ದೆ ನೀರಿಗೆ ಹತ್ತುವುದು ಮೊಟ್ಟೆಗೇ. ಹೊಟ್ಟೆ ಉಬ್ಬಿದ್ದು ಹೆಣ್ಣು. ಗುದದ ಹಿಂದೆ ಮೊನಚು ಮೊಲೆತೊಟ್ಟಿನಂಥದ್ದು ಇದ್ದರೆ ಗಂಡು. ಮೊಟ್ಟೆ ಅಂಟಂಟು, ಮುಳುಗಿದ ಹುಲ್ಲಿಗೆ ಕಚ್ಚಿಕೊಳ್ಳುತ್ತದೆ. ಹತ್ತುವ ದಾರಿಗೆ ಅಡ್ಡಲಾಗಿ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟರೆ ಆ ವರ್ಷದ ಸಂತಾನವೇ ಹೋಯಿತು. ಮತ್ತೆ, ಚುಕ್ಕೆರೋಗ ಬಂದ ತೊಟ್ಟಿಯ ಮೀನನ್ನಾಗಲಿ ನೀರನ್ನಾಗಲಿ ದಯವಿಟ್ಟು ಕೆರೆಗೆ ಬಿಡಬೇಡಿ.