ನನ್ನ ಮದುವೆಗೆ ಡೋಲು ಬೇಕೇ ಬೇಕು ಅಂತ ಮಾವ, ಬೇಡವೇ ಬೇಡ ಅಂತ ಅಪ್ಪ. ಎಂತ ಮಾಡುವುದು?

ಕುರ್ವೆ_ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದವಳು, ಕೊರಗ ಸಮುದಾಯದವಳು. ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಬರುವ ಮೇ ತಿಂಗಳಲ್ಲಿ ನನ್ನ ಮದುವೆ. ಹುಡುಗ ಕುಂದಾಪುರದ ಕಡೆಯವರು, ನಮ್ಮವರೇ. ಅವರ ಮನೆಯಲ್ಲಿ ಕುಂದಾಪ್ರ ಕನ್ನಡ, ನಮ್ಮ ಮನೆಯಲ್ಲಿ ತುಳು, ಅಜ್ಜಿಯ ಬಾಯಲ್ಲಿ ಮಾತ್ರ ಕೊರಗ ಭಾಷೆ. ಅವರೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಮ್ಮನ ತಮ್ಮ, ನನ್ನ ಮಾವ, ಡೋಲು ಬಾರಿಸುತ್ತಾರೆ. ಎಂಟು ಜನರ ತಂಡ ಉಂಟು. ಸೊಸೆಯನ್ನು ಡೋಲು ಬಾರಿಸಿಕೊಂಡೇ ಮಂಟಪಕ್ಕೆ ಕರೆದುಕೊಂಡು ಹೋಗಬೇಕು ಅಂತ ಅವರ ಆಸೆ. ಅಪ್ಪನದ್ದು ಒಂದೇ ಮಾತು. "ಆ ಸದ್ದು ನನ್ನ ಮಗಳ ಮದುವೆಯಲ್ಲಿ ಕೇಳಿಸಿದರೆ ನಾನು ಎದ್ದು ಹೋಗುತ್ತೇನೆ."

ಅಪ್ಪ ಸುಮ್ನೆ ಹಟ ಮಾಡುವವರಲ್ಲ. ಅವರಿಗೆ ಹತ್ತು ಹನ್ನೊಂದು ವರ್ಷ ಇದ್ದಾಗ ಅಜ್ಜನ ಜೊತೆ ಒಂದು ದೊಡ್ಡ ಮನೆಯ ಕಂಬಳಕ್ಕೆ ಹೋಗುತ್ತಿದ್ದರು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಕೂತು ಬೆಳಗಾಗುವವರೆಗೆ ಡೋಲು ಬಾರಿಸಬೇಕು. ತುಳುವಿನಲ್ಲಿ ಅದಕ್ಕೆ ಪನಿಕುಲ್ಲುನು ಅಂತಾರೆ. ಪನಿ ಅಂದರೆ ಇಬ್ಬನಿ, ಕುಲ್ಲುನು ಅಂದರೆ ಕೂರುವುದು. ಕೇಳಲು ಎಷ್ಟು ಚಂದ ಉಂಟು ನೋಡಿ. ಡಿಸೆಂಬರ್ ಚಳಿ, ಮೈಮೇಲೆ ಒಂದು ತುಂಡು ಬಟ್ಟೆ. ಬೆಳಗ್ಗೆ ಕೋಣಗಳನ್ನು ಇಳಿಸುವ ಮೊದಲು ಇವರನ್ನು ಕೆಸರಲ್ಲಿ ಓಡಿಸುತ್ತಿದ್ದರು. ಅಜ್ಜ ಓಡಿದ್ದನ್ನು ಅಪ್ಪ ಗದ್ದೆಯ ಹುಣಿಯ ಮೇಲೆ ನಿಂತು ನೋಡಿದ್ದಾರೆ. ಜನ ನಗುತ್ತಿದ್ದರಂತೆ. ಆಮೇಲೆ ಊಟ, ಎಲ್ಲರದ್ದೂ ಮುಗಿದ ಮೇಲೆ, ಬೇಲಿಯ ಆಚೆ. ಆ ಊಟದ ಬಗ್ಗೆ ಅಪ್ಪ ಹೆಚ್ಚು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಅಜ್ಜ ತೀರಿಕೊಂಡ ವರ್ಷ ಅಪ್ಪ ಮನೆಯ ಡೋಲನ್ನು ಕಡಿದು ಬಚ್ಚಲ ಒಲೆಗೆ ಹಾಕಿದರು. ಎರಡು ದಿನ ಸ್ನಾನಕ್ಕೆ ಅದರದ್ದೇ ಬಿಸಿನೀರು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಆದರೆ ನನಗೆ ಡೋಲು ಇಷ್ಟ. ಮಾವನ ಮನೆಯ ಅಂಗಳದಲ್ಲಿ ಅದನ್ನು ಕೇಳುತ್ತಲೇ ದೊಡ್ಡವಳಾದವಳು ನಾನು. ಅದು ತಪ್ಪಾ? ಇನ್ನೊಂದು ಕಡೆ, ಪೇಪರಿನಲ್ಲಿ ನಮ್ಮವರ ಸುದ್ದಿ ಬಂದರೆ ಪಕ್ಕದಲ್ಲೇ ಡೋಲಿನ ಫೋಟೊ. ನಮಗೆ ಬೇರೆ ಮುಖವೇ ಇಲ್ಲವಾ ಅಂತ ಸಿಟ್ಟೂ ಬರುತ್ತದೆ. ಹುಡುಗನನ್ನು ಕೇಳಿದೆ. "ನಿನ್ನಿಷ್ಟ" ಅಂದರು. ಏನೂ ಉಪಯೋಗವಿಲ್ಲದ ಉತ್ತರ.

ಮದುವೆಗೆ ನಾನು ಕೆಲಸ ಮಾಡುವಲ್ಲಿನವರೂ ಬರುತ್ತಾರೆ. ಕೊರಗಜ್ಜ ಅಂದರೆ ನಮ್ಮ ಸಮುದಾಯದಲ್ಲಿ ಹುಟ್ಟಿದ ದೈವ, ಕಳೆದದ್ದು ಸಿಗಲಿ ಅಂತ ಬೇರೆ ಜಾತಿಯವರೂ ಹರಕೆ ಹೇಳುತ್ತಾರೆ. ನನ್ನ ಜಾತಿ ಗೊತ್ತಾದ ದಿನ ಜೊತೆಯವಳೊಬ್ಬಳು "ಹೌದಾ, ಕೊರಗಜ್ಜನವರಾ? ನಮ್ಮ ಮನೆಯಲ್ಲಿ ತುಂಬಾ ನಂಬುತ್ತೇವೆ, ಕಳೆದ ಬಳೆ ಸಿಕ್ಕಿತ್ತು" ಅಂದಳು. ಮರುದಿನದಿಂದ ಅವಳ ಬುತ್ತಿ ಬೇರೆ ಮೇಜಿಗೆ ಹೋಯಿತು. ಅವಳ ಎದುರು ಡೋಲು ಬಾರಿಸಿಕೊಂಡು ನಡೆಯುವುದು ಹೆಮ್ಮೆಯಾ, ಅಲ್ಲ ಮತ್ತೆ ಅದೇ ಹಳೇ ಕಥೆಯಾ, ಗೊತ್ತಾಗುತ್ತಿಲ್ಲ.

ಪೇಟೆ_ಪೋಕಿರಿ:

ಡಿಜೆ ಹಾಕ್ಸಿ ಮಾರಾಯ್ರೆ. ಅಪ್ಪನಿಗೂ ತಲೆನೋವು, ಮಾವನಿಗೂ ತಲೆನೋವು. ಯಾರಿಗೂ ಬೇಜಾರಿಲ್ಲ.

ಹಳೇಮನೆ:

ನಾನು ಕೊರಗನಲ್ಲ. ಗದ್ದೆ, ಕೋಣ ಎಲ್ಲ ಇದ್ದ ಮನೆಯವನು. ನಿಮ್ಮ ತಂದೆ ಹೇಳಿದ್ದನ್ನು ನಾನು ಇನ್ನೊಂದು ಬದಿಯಿಂದ ನೋಡಿದ್ದೇನೆ. ನಮ್ಮ ಅಜ್ಜ ಅದನ್ನು "ಅವರ ಹಕ್ಕು" ಅನ್ನುತ್ತಿದ್ದರು. ಕೊರಗರ ಡೋಲು ಕೇಳದೆ ಕಂಬಳ ಶುರುವಾಗಬಾರದು, ಅಷ್ಟು ದೊಡ್ಡ ಸ್ಥಾನ ಕೊಟ್ಟಿದ್ದೇವೆ ಅಂತ. ನಾನೂ ತುಂಬಾ ವರ್ಷ ಹಾಗೇ ನಂಬಿದ್ದೆ.

ಆದರೆ ಈಗ ಕಾಲ ಬದಲಾಗಿದೆಯಲ್ಲ. ತಂಡಗಳಿಗೆ ಒಳ್ಳೆಯ ದುಡ್ಡು ಸಿಗುತ್ತದೆ, ಸ್ಟೇಜ್ ಸಿಗುತ್ತದೆ. ಹೋದ ವರ್ಷ ನಮ್ಮ ಮನೆಯ ಕೋಲಕ್ಕೂ ಒಂದು ತಂಡ ಕರೆಸಿದ್ದೆವು, ಕೇಳಿದಷ್ಟು ಕೊಟ್ಟೆವು. ದುಡ್ಡು ಕೊಟ್ಟ ಮೇಲೆ ಅದು ಕಲೆ, ಕೆಲಸ. ಹಳೆಯದನ್ನು ಹಿಡಿದುಕೊಂಡು ಒಂದು ಕಲೆಯನ್ನೇ ಬಿಡುವುದು ಬೇಡ ಅಂತ ನನ್ನ ಅನಿಸಿಕೆ. ಮಾವ ಹೇಳಿದ ಹಾಗೆ ಮಾಡಿ.

ಕಪ್ಪುಕೋಟು:

ಹಳೇಮನೆಯವರೇ, ಒಂದು ನಿಮಿಷ. "ದುಡ್ಡು ಕೊಟ್ಟ ಮೇಲೆ ಸರಿ" ಅನ್ನುವುದನ್ನು ಕಾನೂನೇ ಒಪ್ಪುವುದಿಲ್ಲ. 2000ನೇ ಇಸವಿಯಲ್ಲಿ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ಅಜಲು ಅಂದರೆ ಏನು ಅಂತ ಅದರಲ್ಲಿ ಬರೆದಿದೆ. ಕೂದಲು, ಉಗುರು, ತಿನ್ನಬಾರದ್ದನ್ನು ಅನ್ನಕ್ಕೆ ಕಲಸಿ ಕೊರಗರಿಗೆ ತಿನ್ನಿಸುವುದು, ಅವರನ್ನು ಕೀಳಾಗಿ ನಡೆಸಿಕೊಳ್ಳುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಕೂಲಿ ಕೊಟ್ಟು ಮಾಡಿಸಿದರೂ ಅಷ್ಟೇ, ಕೊಡದೆ ಮಾಡಿಸಿದರೂ ಅಷ್ಟೇ. ಕಾಯ್ದೆ ಬರೆದವರಿಗೆ ಊರಿನ ಬುದ್ಧಿ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ನಾಳೆ ಯಾರಾದರೂ ಐನೂರು ರೂಪಾಯಿ ಕೈಗಿಟ್ಟು "ಇದು ಕೆಲಸ" ಅಂತಾರೆ ಅಂತ ಮೊದಲೇ ಊಹಿಸಿದ್ದಾರೆ.

ತಂಗಿ, ನಿಷೇಧ ಇರುವುದು ಅಜಲಿಗೆ. ನಿಮ್ಮ ಮದುವೆಯಲ್ಲಿ ನಿಮ್ಮ ಮಾವ ಡೋಲು ಬಾರಿಸಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಅಪ್ಪ ಎದ್ದು ಹೋದರೆ ಮಾತ್ರ ನನ್ನ ಹತ್ತಿರ ಯಾವ ಸೆಕ್ಷನ್ನೂ ಇಲ್ಲ.

ನುಡಿಗಂಟು:

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಅಜ್ಜಿಯ ಕೊರಗ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅದರಲ್ಲೂ ಮದುವೆ ಹಾಡುಗಳಿದ್ದರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1971ರಷ್ಟು ಹಿಂದೆಯೇ ಈ ಭಾಷೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದಿದ್ದರು. ಇದು ತುಳುವಿನ ಒಡಕು ರೂಪ ಅಂತ ಹಲವರು ತಿಳಿದಿದ್ದಾರೆ. ಅಲ್ಲ, ತನ್ನದೇ ವ್ಯಾಕರಣ ಇರುವ ದ್ರಾವಿಡ ಭಾಷೆ.

ಕುರ್ವೆ_ಮಗಳು:

ಪ್ರಯತ್ನ ಮಾಡಿದ್ದೇನೆ. ಫೋನ್ ಹಿಡಿದ ಕೂಡಲೇ ಅಜ್ಜಿ ತುಳುವಿಗೆ ಬರುತ್ತಾರೆ. ಹೊರಗಿನವರ ಎದುರು ನಮ್ಮ ಭಾಷೆ ಆಡಬಾರದು ಅಂತ ಅವರಿಗೆ ಅಭ್ಯಾಸ. ಫೋನೂ ಹೊರಗಿನವರ ಲೆಕ್ಕ.

ಬಿಳಿಗಿರಿ_ಹುಡುಗಿ:

ಅಕ್ಕ, ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರವಳು. ನಿಮ್ಮ ಕೊರಗಜ್ಜನ ಮಾತು ಓದಿ ನಗು ಬಂತು, ಅಳುವೂ ಬಂತು. ನಮ್ಮ ಸೋಲಿಗರ ಹುಡುಗಿ ಕುಸುಮಾಲೆಯನ್ನು ಬೆಟ್ಟದ ದೇವರು ರಂಗನಾಥ ಮದುವೆಯಾದ ಅಂತ ಕಥೆ. ಅದಕ್ಕೇ ನಾವು ದೇವರನ್ನೇ ರಂಗಬಾವ ಅಂತೀವಿ. ಬಾವನ ಕಾಡಿನಿಂದಲೇ ನಮ್ಮನ್ನು ಹೊರಗೆ ತಂದರು. 1974ರಲ್ಲಿ ಅಭಯಾರಣ್ಯ ಆಯಿತು, ಜನರನ್ನು ತಂದು ರಸ್ತೆ ಬದಿಯ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಕೂರಿಸಿದರು. 2011ರಲ್ಲಿ ಕಾಡಿನ ಸಮುದಾಯ ಹಕ್ಕುಪತ್ರ ಸಿಕ್ಕಿತು ಅನ್ನಿ, ಅದು ಬೇರೆ ಕಥೆ.

ಹೇಳಬೇಕಾದ್ದು ಇದು. ಕಾಲೇಜಿನಲ್ಲಿದ್ದಾಗ ಗೊರುಕನ, ಅಂದರೆ ನಮ್ಮ ಹಾಡು ಕುಣಿತ, ಕುಣಿಯೋಕೆ ನಮ್ಮನ್ನು ಕರೆದರು. ಮೈಗೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಚುಕ್ಕೆ ಇಟ್ಟು, ಐದು ನಿಮಿಷದಲ್ಲಿ ಮುಗಿಸಿ ಅಂದರು. ಫೋಟೊ ನೋಡಿ ಅಜ್ಜಿ "ಇದ್ಯಾರು?" ಅಂತ ಕೇಳಿತು. "ನಾನು ಹುಟ್ಟಿದಾಗಿಂದ ಸೀರೆ ಉಟ್ಟಿದೀನಿ, ನಿನಗ್ಯಾಕೆ ಸೊಪ್ಪು?" ಅಂತ ಬೈಯಿತು. ನಮ್ಮ ರೊಟ್ಟಿ ಹಬ್ಬದಲ್ಲಿ ಅದೇ ಗೊರುಕನಕ್ಕೆ ರಾತ್ರಿಯೆಲ್ಲ ಕುಣೀತೀವಿ. ಕಾಲು ನೋಯೋವರೆಗೂ. ಅಲ್ಲಿ ನೋಡೋರೇ ಇರಲ್ಲ, ಎಲ್ಲರೂ ಕುಣಿಯೋರೇ. ನಿಮ್ಮ ಮದುವೆಯಲ್ಲೂ ನೋಡೋರು ಜಾಸ್ತಿನಾ, ಕುಣಿಯೋರು ಜಾಸ್ತಿನಾ ಅಂತ ಒಂದ್ಸಲ ಎಣಿಸಿ.

ಗುಡ್ಡೆಮನೆ:

ಮಗಳೇ, ನಿನ್ನ ಅಪ್ಪನ ವಯಸ್ಸೇ ನನ್ನದು. ನಾನೂ ಪನಿಕುಲ್ಲುನಿಗೆ ಕೂತವನು. ನಿನ್ನ ಅಪ್ಪ ಹೇಳದೆ ಬಿಟ್ಟ ಊಟದ ವಿಷಯ ನಾನೂ ಇಲ್ಲಿ ಬರೆಯುವುದಿಲ್ಲ. ವಕೀಲರು ಬರೆದದ್ದು ಸಾಕು.

ನಾನು ಹುಡುಗನಾಗಿದ್ದಾಗ ನಮ್ಮ ಗುಡಿಸಲುಗಳ ಕೊಪ್ಪದಲ್ಲಿ ಹಗಲು ಬುಟ್ಟಿ ಹೆಣೆಯುವುದು, ಸಂಜೆ ಡೋಲು. ಗುಡ್ಡೆಯಿಂದ ಬಳ್ಳಿ ತಂದು, ಸೀಳಿ, ಕುರ್ವೆ, ತಡ್ಪೆ ಮಾಡುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಬಂತು. ಕತ್ತಲಾದ ಮೇಲೆ ಯಾರಾದರೂ ಒಬ್ಬ ಡೋಲು ತೆಗೆಯುತ್ತಿದ್ದ, ಇನ್ನೊಬ್ಬ ಕೊಳಲು. ಹೆಂಗಸರು ಸುತ್ತ ಕುಣಿಯುತ್ತಿದ್ದರು. ಯಾರೂ ಕರೆದದ್ದಲ್ಲ, ಯಾರಿಗೂ ತೋರಿಸಲಿಕ್ಕಲ್ಲ. ಅದೇ ಡೋಲನ್ನು ನಾಳೆ ಬೆಳಿಗ್ಗೆ ತಾ ಅಂತ ಆಳು ಬಂದು ಹೇಳಿ ಹೋದರೆ ರಾತ್ರಿ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಿನ್ನ ಮಾವ ಹಿಡಿದುಕೊಂಡದ್ದು ಮೊದಲಿನ ಡೋಲು. ಅಪ್ಪ ಒಲೆಗೆ ಹಾಕಿದ್ದು ಎರಡನೆಯದು. ಮರ ಒಂದೇ.

1993ರ ಆಗಸ್ಟ್ 18ಕ್ಕೆ ಭೂಮಿ ಕೇಳಲು ಮಂಗಳೂರಿಗೆ ಮೆರವಣಿಗೆ ಹೋದೆವು. ಅಷ್ಟು ಜನ ನಮ್ಮವರನ್ನು ಒಟ್ಟಿಗೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ದೊಡ್ಡ ರಸ್ತೆಯ ನಡುವೆ ನಡೆದದ್ದೂ ಅದೇ ಮೊದಲು. ಬದಿಗೆ ಸರಿಯಬೇಕು ಅಂತ ಕಾಲು ತಾನಾಗಿ ಹೇಳುತ್ತಿತ್ತು. ಆಮೇಲೆ ನಮ್ಮವರ ಸ್ಥಿತಿಗತಿಯ ಬಗ್ಗೆ ಮಹಮ್ಮದ್ ಪೀರ್ ವರದಿ ಬಂತು, ಒಂದೊಂದು ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕು ಅಂತ. ಸಿಕ್ಕಿದವರಿಗೆ ಸಿಕ್ಕಿತು, ನನಗೆ ಇನ್ನೂ ಇಲ್ಲ. ಆ ದಿನವನ್ನೇ ಈಗ ಭೂಮಿ ಹಬ್ಬ ಅಂತ ಮಾಡುತ್ತೇವೆ. ಡೋಲು ಬಾರಿಸುತ್ತೇವೆ. ಆಳು ಬಂದು ಕರೆಯುವುದಿಲ್ಲ. ಇಪ್ಪತ್ತು ವರ್ಷ ಡೋಲು ಮುಟ್ಟದಿದ್ದ ನಾನು ಅಲ್ಲಿಯೇ ಮತ್ತೆ ಮುಟ್ಟಿದ್ದು. ಕೈ ಮರೆತಿರಲಿಲ್ಲ.

ನೀನು ಅಪ್ಪನ ಹತ್ತಿರ ಕಲೆ, ಸಂಸ್ಕೃತಿ ಅಂತ ವಾದ ಮಾಡಬೇಡ. ಆ ಮಾತು ಭಾಷಣದಲ್ಲಿ ಸಾಕಷ್ಟು ಕೇಳಿದ್ದಾರೆ. ಒಂದೇ ಒಂದು ಕೇಳು. "ಡೋಲಿನವರಿಗೆ ಊಟ ಎಲ್ಲಿ ಹಾಕುವುದು?" ಅಂತ. ಮತ್ತೆ ಸುಮ್ಮನಿರು.

ಹಳೇಮನೆ:

ಮೇಲಿನದ್ದನ್ನು ಓದಿ ಸುಮ್ಮನೆ ಕೂತಿದ್ದೆ. ವಕೀಲರಿಗೆ ಒಂದು ಉತ್ತರ ಬರೆಯಲು ಹೊರಟಿದ್ದೆ, ಅಳಿಸಿದೆ. ಹೋದ ವರ್ಷದ ಕೋಲದಲ್ಲಿ ಆ ತಂಡಕ್ಕೆ ಊಟ ಎಲ್ಲಿ ಹಾಕಿದೆವು ಅಂತ ನೆನಪು ಮಾಡಿಕೊಂಡೆ. ಗೇಟಿನ ಹೊರಗೆ ಒಂದು ಸಣ್ಣ ಶಾಮಿಯಾನ ಹಾಕಿಸಿದ್ದೆವು. ಕುರ್ಚಿ, ಮೇಜು, ಫ್ಯಾನು ಎಲ್ಲ ಇತ್ತು. ಬಫೆ ಮಾತ್ರ ಒಳಗಿತ್ತು. "ಅವರಿಗೆ ಅಲ್ಲಿಯೇ ಅನುಕೂಲ" ಅಂತ ಹೇಳಿದ್ದು ನಾನೇ. ಇನ್ನೇನೂ ಹೇಳುವುದಿಲ್ಲ.

ಪೇಟೆ_ಪೋಕಿರಿ:

ಡಿಜೆ ಮಾತು ವಾಪಸ್ ತಗೊಂಡಿದ್ದೇನೆ. ಮದುವೆಗೆ ಕರೆದರೆ ಬರುತ್ತೇನೆ. ಕುಣಿಯುವವರ ಲೆಕ್ಕದಲ್ಲಿ.

ಕುರ್ವೆ_ಮಗಳು:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಎರಡು ದಿನ ನೈಟ್ ಡ್ಯೂಟಿ.

ಗುಡ್ಡೆಮನೆ ಮಾಮ, ನೀವು ಹೇಳಿದ ಹಾಗೆಯೇ ಕೇಳಿದೆ. ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. "ಡೋಲಿನವರಿಗೆ ಊಟ ಎಲ್ಲಿ ಹಾಕುವುದು ಅಪ್ಪ?" ಅಂದೆ. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಚೈನ್ ತಿರುಗಿಸುತ್ತಲೇ ಇದ್ದರು. ಆಮೇಲೆ "ಮೊದಲ ಪಂಕ್ತಿ" ಅಂದರು. ಅಷ್ಟೇ. ಒಳಗಿದ್ದ ಅಮ್ಮ, ಹುಡುಗನ ಕಡೆಯವರು ಕೂರುವ ಮೊದಲೇ ಹೇಗೆ ಕೂರಿಸುವುದು ಅಂತ ಶುರು ಮಾಡಿದರು. ಅಪ್ಪ ಬೈದರು. "ಹುಡುಗನ ಕಡೆಯವರೂ ಡೋಲಿನವರೇ ಅಲ್ವಾ, ಒಟ್ಟಿಗೆ ಕೂರಲಿ" ಅಂತ.

ಒಪ್ಪಿದರು ಅಂತ ನಾನು ಹೇಳುವುದಿಲ್ಲ. "ಹಾಗಾದರೆ ಬಾರಿಸಬಹುದಾ?" ಅಂತ ಕೇಳಿದ್ದಕ್ಕೆ "ನೋಡುವ" ಅಂದಿದ್ದಾರೆ. ನಮ್ಮ ಕಡೆ ನೋಡುವ ಅಂದರೆ ಏನು ಬೇಕಾದರೂ ಆಗಬಹುದು. ಮದುವೆ ಹಾಲ್‌ನ ಗೇಟಿನಿಂದ ಅಲ್ಲ, ಒಳಗೆ ಮಂಟಪದ ಹತ್ತಿರವೇ ಬಾರಿಸಬೇಕು ಅಂತ ಒಂದು ಷರತ್ತು. ಹೊರಗೆ ನಿಂತು ಬಾರಿಸಿದ್ದು ಸಾಕಂತೆ. ಹಾಲ್‌ನವರು ಏನು ಹೇಳುತ್ತಾರೋ, ಇನ್ನು ಅದೊಂದು ಗಲಾಟೆ ಉಂಟು. ಊಟಕ್ಕೆ ಎಂಟು ಎಲೆ ಹೆಚ್ಚು ಹೇಳಿದ್ದೇನೆ. ಬಿಳಿಗಿರಿ ತಂಗಿ, ಎಣಿಸಿದೆ. ಕುಣಿಯುವವರೇ ಜಾಸ್ತಿ.

ಬುತ್ತಿಯವಳನ್ನೂ ಕರೆದಿದ್ದೇನೆ. ಅವಳು ಎಲ್ಲಿ ಬೇಕಾದರೂ ಕೂರಲಿ.

ನಿನ್ನೆ ರಾತ್ರಿ ಮಾವ ಮನೆಗೆ ಬಂದು ಅಂಗಳದಲ್ಲಿ ಸುಮ್ನೆ ಒಂದೆರಡು ಪೆಟ್ಟು ಹೊಡೆದರು, ಅಪ್ಪನಿಗೆ ಕೇಳಲಿ ಅಂತಲೇ. ಅಪ್ಪ ಒಳಗೆ ಮಲಗಿದ್ದರು. ಎದ್ದು ಬರಲಿಲ್ಲ. ಗೋಡೆ ಕಡೆ ತಿರುಗಿಕೊಂಡೇ ನನಗೆ ಹೇಳಿದರು. "ನಿನ್ನ ಮಾವನ ಕೈ ಯಾವತ್ತೂ ಅವಸರ. ಚರ್ಮ ಇನ್ನೂ ಸಡಿಲ ಉಂಟು, ಬೆಂಕಿಗೆ ಹಿಡಿದು ಕಾಯಿಸಲಿ ಮೊದಲು."