ಹಾವೇರಿಯಲ್ಲಿ ಬಟ್ಟೆ ಡೈಪರ್, ಮರದ ಆಟಿಕೆ ಅಂಗಡಿ: ಅನುಭವ ಇದ್ದವರು ಹೇಳಿ

ಹಾವೇರಿ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂದೂವರೆ ವರ್ಷ. ಬಟ್ಟೆ ಡೈಪರ್, ಮಗುವನ್ನು ಮೈಗೆ ಕಟ್ಟಿಕೊಳ್ಳುವ ಬಟ್ಟೆ, ಮರದ ಆಟಿಕೆ, ರಾಗಿ ಸರಿ ಪುಡಿ, ಇಷ್ಟು ಇಟ್ಟು ಚಿಕ್ಕ ಅಂಗಡಿ ಮಾಡುವ ಆಸೆ. ಕೈಯಲ್ಲಿ ಮೂರು ಲಕ್ಷ ಇದೆ. ಮಳಿಗೆ ಹಿಡಿಯಲಾ, ಮನೆಯಿಂದಲೇ ಶುರು ಮಾಡಲಾ?

ಮೈಸೂರು ಕುವೆಂಪುನಗರ:
ನಾನು ಮಳಿಗೆ ಹಿಡಿದೆ, ಮುಚ್ಚಿದೆ. ಲೆಕ್ಕ ಕೇಳಿ. ಬಾಡಿಗೆ 14,000, ಹತ್ತು ತಿಂಗಳ ಅಡ್ವಾನ್ಸ್ 1,40,000. ರ್‍ಯಾಕ್, ಲೈಟು 62,000. ಬೋರ್ಡು 11,500. ಮಾಲು 2,30,000. ಬಿಟ್ಟು ಬರುವಾಗ ಮಾಲೀಕರು ಪೇಂಟಿಂಗ್ ಅಂತ 22,000 ಹಿಡಿದುಕೊಂಡರು. ಗೋಡೆಗೆ ಒಂದು ಗೀರು ಬಿದ್ದಿರಲಿಲ್ಲ.

ಗಿರಾಕಿ ಬರಲಿಲ್ಲ ಅಂತಲ್ಲ, ಬಂದರು. ಪ್ರೆಸ್ ಬಟನ್ ಎಲ್ಲಿ ಹಾಕಬೇಕು, ಒಳಗಿಡುವ ಹೀರುವ ಬಟ್ಟೆ, ಅಂದರೆ ಇನ್ಸರ್ಟ್, ಹೇಗೆ ಮಡಚಬೇಕು, ಬೋರ್‌ವೆಲ್ ಗಡಸು ನೀರಲ್ಲಿ ಹೇಗೆ ಒಗೆಯಬೇಕು, ಮುಕ್ಕಾಲು ಗಂಟೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. ಎಲ್ಲಾ ಕೇಳಿ, ಲೇಬಲ್ ಫೋಟೋ ಹೊಡೆದುಕೊಂಡು, ಮೆಟ್ಟಿಲಿಳಿಯುವಾಗಲೇ ಆನ್‌ಲೈನಲ್ಲಿ ಆರ್ಡರ್ ಹಾಕುತ್ತಿದ್ದರು. ನನಗೆ 290ಕ್ಕೆ ಬೀಳುವ ಡೈಪರ್ ಕವರ್, ಅಂದರೆ ಹೊರಗಿನ ಹೊದಿಕೆ, ನಾನು 449ಕ್ಕೆ ಇಟ್ಟರೆ ಅಲ್ಲಿ 349.

ಇನ್ನೊಂದು ಮಾತು ಯಾರೂ ಹೇಳಲ್ಲ. ಒಳ್ಳೆ ಮಾಲು ಕೊಟ್ಟಷ್ಟೂ ಗಿರಾಕಿ ತಿರುಗಿ ಬರಲ್ಲ. ಎಲ್ಲಾ ಸೈಜಿಗೂ ಆಗುವ ಡೈಪರ್ ಒಂದು ಸೆಟ್ ತೆಗೆದುಕೊಂಡರೆ ಎರಡು ವರ್ಷ ನಡೆಯುತ್ತದೆ. ಎರಡನೇ ಮಗುವಿಗೂ ಅದೇ. ಬಿಸಾಡುವ ಡೈಪರ್ ಮಾರುವವರಿಗೆ ಅದೇ ಮನೆ ಪ್ರತಿ ವಾರ ಗಿರಾಕಿ.

ಶಿರಸಿ ಮನೆ ವ್ಯಾಪಾರ:
ಹೇಳಿಕೊಡುವುದು ದಂಡ ಅನ್ನುವವರು ಈ ವ್ಯಾಪಾರಕ್ಕೆ ಬರಲೇಬಾರದು. ನಮ್ಮದು ಅದರಿಂದಲೇ ನಡೆಯುತ್ತಿದೆ. ಒಬ್ಬಳು ಬಾಣಂತಿಗೆ ಸರಿಯಾಗಿ ತೋರಿಸಿದರೆ ಅವಳ ತಂಗಿ, ನಾದಿನಿ, ಪಕ್ಕದ ಮನೆಯವಳು ಎಲ್ಲಾ ಬರುತ್ತಾರೆ.

ನಮ್ಮ ಕಡೆ ಕಷ್ಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ. ಬಿದಿರು ನಾರಿನ ಇನ್ಸರ್ಟ್ ಜಾಸ್ತಿ ಹೀರುತ್ತದೆ, ನಿಜ. ಮಳೆಗಾಲದಲ್ಲಿ ಎರಡು ದಿನವಾದರೂ ಒದ್ದೆ, ಆಮೇಲೆ ಮುಗ್ಗಲು ವಾಸನೆ. ಅದಕ್ಕೆ ತೆಳು ಹತ್ತಿಯ ಚೌಕ ಬಟ್ಟೆ, ಮೇಲೊಂದು ಕವರ್, ಇಷ್ಟೇ ಮಾರುತ್ತೇನೆ. ಬಿಡಿಸಿ ಹಾಕಿದರೆ ಒಲೆ ಮೇಲಿನ ಹಗ್ಗದಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಲಾಭ ಕಡಿಮೆ. ಆದರೆ ದೂರು ಬರಲ್ಲ.

ನನ್ನ ಕೈ ಸುಟ್ಟಿದ್ದು ಕ್ಯಾಷ್ ಆನ್ ಡೆಲಿವರಿ. ಪಾರ್ಸೆಲ್ ಹೋಗಲು 70, ಬರಲು 70. ಬಾಗಿಲಿಗೆ ಬಂದಾಗ ಅತ್ತೆ ಬೇಡ ಅಂದರು ಅಂತ ವಾಪಸ್. ಒಂದು ಪಾರ್ಸೆಲ್‌ನಲ್ಲಿ ಕವರ್ ಬಳಸಿ, ಒಗೆದು, ಕಲೆ ಸಮೇತ ಕಳಿಸಿದ್ದರು. ಈಗ ಮೊದಲು ದುಡ್ಡು, ಆಮೇಲೆ ಮಾಲು.

ಮೈಸೂರು ಕುವೆಂಪುನಗರ:
ಬಾಡಿಗೆ ಕಟ್ಟದವರಿಗೆ ಉಪದೇಶ ಸುಲಭ ಅಕ್ಕ. ತಿಂಗಳ ಒಂದನೇ ತಾರೀಖು ನಿಮಗೆ ಬರಲ್ಲ, ನನಗೆ ಬರುತ್ತಿತ್ತು.

ಮಂಡ್ಯ ರಾಗಿ:
ಡೈಪರ್ ಜಗಳ ಬಿಡಿ. ರಾಗಿ ಸರಿ ಪುಡಿ ಅಂದರಲ್ಲ, ಅದನ್ನು ಕೇಳಿ. 1992ರ ಶಿಶು ಆಹಾರ ಕಾಯ್ದೆ ಇದೆ, 2003ರಲ್ಲಿ ಬಿಗಿ ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಮಾಡುವಂತಿಲ್ಲ. ಲೇಬಲ್ ಮೇಲೆ ಮಗುವಿನ ಚಿತ್ರವೂ ಇರಬಾರದು. ನಾನು 5,000 ಪೌಚ್ ಮಾಡಿಸಿದ್ದೆ, ಒಂದಕ್ಕೆ 6.50. ನಗುವ ಮಗು, ಕೆಳಗೆ '6 ತಿಂಗಳಿಂದ' ಅಂತ ದಪ್ಪಕ್ಷರ. ಪ್ರಿಂಟಿಂಗ್‌ನವರು ಹೇಳಲಿಲ್ಲ, ಆಹಾರ ಮಾರಾಟದ ನೋಂದಣಿ ಮಾಡಿಸಿಕೊಟ್ಟ ಏಜೆಂಟ್ 3,500 ಎಣಿಸಿಕೊಂಡು ತುಟಿ ಬಿಚ್ಚಲಿಲ್ಲ. ನೋಂದಣಿ ಫೀಸು ಇದ್ದದ್ದು ವರ್ಷಕ್ಕೆ 100 ರೂಪಾಯಿ. 32,500 ರೂಪಾಯಿ ಪೌಚು ರದ್ದಿಗೆ ಹೋಯಿತು. ಈಗ ಮನೆಮಂದಿಗೆಲ್ಲ ಮೊಳಕೆ ರಾಗಿ ಹಿಟ್ಟು ಅಂತ ಮಾರುತ್ತೇನೆ. ಮಗುವಿನ ಸುದ್ದಿಯೇ ಎತ್ತಲ್ಲ.

ಉಡುಪಿ ಅಜ್ಜಿ:
ರಾಗಿ ಮಣ್ಣಿಗೂ ಕಾನೂನಾ? ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಅದನ್ನೇ ತಿಂದು ಬೆಳೆದದ್ದು. ಮತ್ತೆ ಈ ಮಗು ಕಟ್ಟುವ ಬಟ್ಟೆಗೆ ಮೂರು ಸಾವಿರವಂತೆ! ಹಳೆ ಸೀರೆ ಮನೆಯಲ್ಲಿ ಇಲ್ವಾ? ನಮ್ಮದನ್ನೇ ನಮಗೆ ಮಾರುತ್ತೀರಿ.

ಮಂಡ್ಯ ರಾಗಿ:
ಅಮ್ಮಾ, ನೀವು ಮನೆಯಲ್ಲಿ ಮಾಡಿದ್ದು ಬೇರೆ, ಪ್ಯಾಕ್ ಮಾಡಿ ಮಾರುವುದು ಬೇರೆ. ಹಾಲಿನ ಪುಡಿ ಕಂಪನಿಗಳು ಜಾಹೀರಾತಿನಿಂದ ತಾಯಿ ಹಾಲು ಬಿಡಿಸುತ್ತಿದ್ದವು, ಅದಕ್ಕೆ ಬಂದ ಕಾನೂನು. ದುಡ್ಡು ಕಳೆದುಕೊಂಡಿದ್ದರೂ ಅದು ಸರಿ ಅಂತಲೇ ನನ್ನ ಮಾತು.

ಶಿರಸಿ ಮನೆ ವ್ಯಾಪಾರ:
ಅಜ್ಜಿ, ಸೀರೆಯಲ್ಲಿ ಕಟ್ಟುವುದನ್ನು ನಿಮ್ಮ ಸೊಸೆಗೆ ನೀವು ಕಲಿಸಿದ್ದೀರಿ. ಬೆಂಗಳೂರಲ್ಲಿ ಒಬ್ಬಳೇ ಇರುವ ಹುಡುಗಿಗೆ ಯಾರು ಕಲಿಸುತ್ತಾರೆ? ಅವಳು ಕೊಡುವುದು ಆ ಕಲಿಕೆಗೂ ಸೇರಿ.

ರಾಮನಗರ ಆಟಿಕೆ:
ಎಲ್ಲಾ ಬಿಟ್ಟು ಆಟಿಕೆ ಮಾರಿ. ಸೈಜ್ ತಾಪತ್ರಯ ಇಲ್ಲ, ಎಕ್ಸ್‌ಪೈರಿ ಇಲ್ಲ. ಚನ್ನಪಟ್ಟಣದ ಹಾಲೆ ಮರದ ಗಿಲಕಿ, ಅರಗಿನ ಬಣ್ಣ, ಮಗು ಬಾಯಿಗಿಟ್ಟರೂ ಹೆದರಿಕೆ ಇಲ್ಲ. ಆದರೆ ಕುಶಲಕರ್ಮಿಯ ಕೈಯಿಂದಲೇ ತನ್ನಿ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ, ಅಂದರೆ ಊರಿನ ಹೆಸರಿನ ಗುರುತು, ಇರುವ ಆಟಿಕೆಗೆ ವಿನಾಯಿತಿ ಇದೆ. ಒಬ್ಬ ಹೋಲ್‌ಸೇಲ್‌ನವರು ಪೇಂಟ್ ಬಳಿದ ಹೊರಗಿನ ಮಾಲನ್ನು ಚನ್ನಪಟ್ಟಣದ್ದು ಅಂತ ನನಗೆ ತುಂಬಿದರು. 38,000 ರೂಪಾಯಿ ಮಾಲು ಅಟ್ಟದ ಮೇಲಿದೆ. ಬಾಯಿಗಿಡುವ ವಸ್ತು, ಮಾರಲು ಮನಸ್ಸು ಒಪ್ಪಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಆಟಿಕೆ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ನಾನು ನೋಂದಣಿ ಇಲ್ಲದವನು, 12 ಕೊಟ್ಟು ತಂದ ಹಳೇ ಮಾಲಿಗೆ ನನಗೆ ಕ್ರೆಡಿಟ್ ಇಲ್ಲ, ಕೊಟ್ಟ ತೆರಿಗೆ ಹೊಂದಿಸಿಕೊಳ್ಳಲು ಆಗಲ್ಲ. ಗಿರಾಕಿ ಪೇಪರ್ ತೋರಿಸಿ ಐದರ ಲೆಕ್ಕ ಕೇಳಿದರು. ದಸರಾ ವ್ಯಾಪಾರದ ಲಾಭವೆಲ್ಲ ಅಲ್ಲಿಗೇ ಹೋಯಿತು.

ಹುಬ್ಬಳ್ಳಿ ಅಂಗಡಿ:
ಸರ್, ನೋಂದಣಿ ಇಲ್ಲ ಅಂತ ಇಷ್ಟು ಧೈರ್ಯವಾಗಿ ಬರೆಯುತ್ತೀರಲ್ಲ! 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸ್ ಬಂತು, ಮರೆತಿರಾ? ನಮ್ಮ ಓಣಿಯಲ್ಲಿ ಕ್ಯೂಆರ್ ಕಿತ್ತು 'ಕ್ಯಾಷ್ ಮಾತ್ರ' ಅಂತ ಅಂಟಿಸಿದರು. ನನಗೆ ಚಿಂತೆ ಇರಲಿಲ್ಲ. ಮೊದಲ ದಿನದಿಂದ ಅಂಗಡಿ ಖಾತೆ ಬೇರೆ, ಮನೆ ಖಾತೆ ಬೇರೆ, ಎಲ್ಲಕ್ಕೂ ಬಿಲ್. ಆಡಿಟರ್‌ಗೆ ತಿಂಗಳಿಗೆ 1,200. ಆ ದುಡ್ಡಿಗೆ ರಾತ್ರಿ ನಿದ್ದೆ ಬರುತ್ತದೆ.

ರಾಮನಗರ ಆಟಿಕೆ:
ವಹಿವಾಟು 40 ಲಕ್ಷ ದಾಟದಿದ್ದರೆ ಸರಕಿಗೆ ನೋಂದಣಿ ಬೇಕಿಲ್ಲ ಸರ್. ನನ್ನದು ಅದರ ಕಾಲು ಭಾಗವೂ ಆಗಲ್ಲ. ಕಳ್ಳ ವ್ಯಾಪಾರ ಮಾಡಿದವನ ಥರ ಮಾತಾಡಬೇಡಿ.

ಹುಬ್ಬಳ್ಳಿ ಅಂಗಡಿ:
ಕಳ್ಳ ಅಂತ ಯಾರಂದರು? ಬಿಲ್ ಇಟ್ಟುಕೊಳ್ಳಿ ಅಂದೆ.

ಹಾವೇರಿ ತಾಯಿ:
ಎಲ್ಲರಿಗೂ ಧನ್ಯವಾದ. ಅಂಗಡಿಯೋ ಮನೆಯೋ ಅನ್ನುವುದು ಇನ್ನೂ ಗೊತ್ತಾಗಲಿಲ್ಲ. ಕುವೆಂಪುನಗರದವರೇ, ನಿಮ್ಮಲ್ಲಿ ಉಳಿದ ಕವರ್ ಮಾರುತ್ತೀರಾ?

ಮೈಸೂರು ಕುವೆಂಪುನಗರ:
ಇವೆ, ಹೊಸವು, ಪ್ಯಾಕ್ ಬಿಚ್ಚಿಲ್ಲ. ಅಸಲು 290ಕ್ಕೇ ಕೊಡುತ್ತೇನೆ.

ಶಿರಸಿ ಮನೆ ವ್ಯಾಪಾರ:
ತಂಗಿ, ದುಡ್ಡು ಕಳಿಸುವ ಮೊದಲು ಎಲಾಸ್ಟಿಕ್ ಎಳೆದು ವಿಡಿಯೋ ಕೇಳು. ಹಳೇ ಮಾಲಿನಲ್ಲಿ ಎಲಾಸ್ಟಿಕ್ ಸಡಿಲ ಬಿದ್ದಿರುತ್ತದೆ. 200ಕ್ಕಿಂತ ಜಾಸ್ತಿ ಕೊಡಬೇಡ.

ಮೈಸೂರು ಕುವೆಂಪುನಗರ:
ನನ್ನ ಮಾಲು ನೋಡದೇ ಬೆಲೆ ಕಟ್ಟಲು ನೀವು ಯಾರು? 290, ಒಂದು ರೂಪಾಯಿ ಕಡಿಮೆ ಇಲ್ಲ. ವಿಡಿಯೋ ಈಗಲೇ ಕಳಿಸುತ್ತೇನೆ.